ದಕ್ಕೆಯಲ್ಲಿ ಕಟ್ಟಿದ ಬೋಟು ಮುಳುಗದಂತೆ ಕಾಯುವುದು ಹೇಗೆ?

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಲ್ಪೆ, ಗಂಗೊಳ್ಳಿ, ಮಂಗಳೂರು ಬಂದರುಗಳ ದಕ್ಕೆಯಲ್ಲಿ, ಅಂದರೆ ಬೋಟು ಕಟ್ಟುವ ಕಟ್ಟೆಯ ಪಕ್ಕದಲ್ಲಿ, ಬೋಟುಗಳು ವಾರಗಟ್ಟಲೆ ಕಟ್ಟಿದಲ್ಲೇ ಇರುತ್ತವೆ. ಹೀಗೆ ನಿಂತ ಬೋಟು ಮುಳುಗಲು ದೊಡ್ಡ ಅಪಘಾತವೇ ಆಗಬೇಕೆಂದಿಲ್ಲ; ಯಾರ ಕಣ್ಣಿಗೂ ಬೀಳದ ಸಣ್ಣ ಸೋರಿಕೆಯೊಂದಕ್ಕೆ ಎಡೆಬಿಡದ ಮಳೆ ಸೇರಿದರೆ ಸಾಕು.

ಮೊದಲು ಎಂಜಿನ್ ತಂಪಾಗಿಸಲು ಸಮುದ್ರದ ನೀರೆಳೆಯುವ ವಾಲ್ವನ್ನು ಪೂರ್ತಿ ಬಂದ್ ಮಾಡಿ, ಅದರ ರಬ್ಬರ್ ಪೈಪು ಬಿರುಕು ಬಿಟ್ಟಿದೆಯೇ, ಕ್ಲಿಪ್ಪು ತುಕ್ಕು ಹಿಡಿದಿದೆಯೇ ಎಂದು ಪರೀಕ್ಷಿಸಬೇಕು. ನೀರಿನ ಮಟ್ಟಕ್ಕಿಂತ ಅರ್ಧ ಮೀಟರ್ ಕೆಳಗೆ ಒಂದು ಅಂಗುಲದ ಪೈಪು ಕಳಚಿಕೊಂಡರೆ ಗಂಟೆಗೆ 3 ಟನ್ನಿಗೂ ಹೆಚ್ಚು ನೀರು ಒಳಗೆ ಬರುತ್ತದೆ.

ಹೆಚ್ಚು ನಿಗಾ ಬೇಕಾದದ್ದು ಬೋಟನ್ನು ಮುಂದೂಡುವ ಫ್ಯಾನಿನ ಶಾಫ್ಟು ಹೊರಹೋಗುವ ಜಾಗದ ಗ್ಲ್ಯಾಂಡಿಗೆ, ಅಂದರೆ ನೀರು ಒಳಬರದಂತೆ ಶಾಫ್ಟಿನ ಸುತ್ತ ತುಂಬಿದ ಹುರಿಯನ್ನು (ಪ್ಯಾಕಿಂಗ್) ಒತ್ತಿಹಿಡಿಯುವ ಭಾಗಕ್ಕೆ. ಬೋಟು ಓಡುವಾಗ ಅಲ್ಲಿ ಹನಿ ತೊಟ್ಟಿಕ್ಕುವುದು ಸಹಜ, ಪ್ಯಾಕಿಂಗನ್ನು ತಂಪಾಗಿಡುವುದೇ ಆ ನೀರು. ಆದರೆ ನಿಂತ ಬೋಟಿನಲ್ಲಿಯೂ ಹನಿ ನಿಲ್ಲದಿದ್ದರೆ ಎರಡೂ ಬದಿಯ ನಟ್ಟುಗಳನ್ನು ಸಮನಾಗಿ, ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಬೇಕು. ಮತ್ತೆ ಹೊರಡುವ ಮುನ್ನ ಅದನ್ನು ಸಡಿಲಿಸದಿದ್ದರೆ ಶಾಫ್ಟು ಕಾದು ಸವೆಯುತ್ತದೆ. ಬಿಗಿ ಮಾಡಿದರೂ ಸೋರುವ ಪ್ಯಾಕಿಂಗನ್ನು ಬೋಟು ದಡಕ್ಕೆಳೆದಾಗ ಬದಲಿಸುವುದೇ ಕ್ಷೇಮ.

ಇನ್ನು ಮಳೆ. 15 ಮೀಟರ್ ಉದ್ದ, 4 ಮೀಟರ್ ಅಗಲದ ಜಾಗದ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಅದು 6,000 ಲೀಟರ್ ನೀರು, ಅಂದರೆ 6 ಟನ್ ಭಾರ. ಕರಾವಳಿಯ ಆಷಾಢದಲ್ಲಿ ಇಷ್ಟು ಮಳೆ ಒಂದೇ ದಿನದಲ್ಲಿ ಸುರಿಯುವುದು ಅಪರೂಪವಲ್ಲ. ಆದ್ದರಿಂದ ಡೆಕ್ಕಿನ ನೀರು ಹೊರಹೋಗುವ ಕಂಡಿಗಳಲ್ಲಿ ಸಿಕ್ಕಿಕೊಂಡ ಬಲೆಯ ಚೂರು, ಮೀನಿನ ಹುರುಪೆಗಳನ್ನು ತೆಗೆದು, ಮೀನು ತುಂಬುವ ಕೋಣೆಯ ಮುಚ್ಚಳದ ಮೇಲೆ ಟಾರ್ಪಾಲನ್ನು ಇಳಿಜಾರಾಗಿ ಬಿಗಿಯಬೇಕು. ಒಳಗೆ ನೀರು ನಿಂತು ಬೋಟು ತಗ್ಗಿದಂತೆಲ್ಲ ಆ ಕಂಡಿಗಳೇ ನೀರಿನ ಮಟ್ಟಕ್ಕೆ ಇಳಿದು, ಹೊರಗಿನ ನೀರು ಅವುಗಳಿಂದಲೇ ಒಳನುಗ್ಗತೊಡಗುತ್ತದೆ.

ಹಗ್ಗ ತೀರಾ ಬಿಗಿಯಾಗಿದ್ದರೆ ಇಳಿತದಲ್ಲಿ ಬೋಟು ಜೋತುಬಿದ್ದು ವಾಲುತ್ತದೆ. ಸಡಿಲವಾಗಿದ್ದರೆ ದಕ್ಕೆಯ ಅಂಚಿನಡಿ ಸಿಕ್ಕಿಕೊಂಡು ಉಬ್ಬರ ಏರುವಾಗ ಮೇಲೇಳಲಾರದು. ಅಮಾವಾಸ್ಯೆ, ಹುಣ್ಣಿಮೆಯ ಉಬ್ಬರಕ್ಕೆ ತಕ್ಕಷ್ಟು ಉದ್ದ ಬಿಟ್ಟು, ಪಕ್ಕಕ್ಕೆ ಹಳೆಯ ಟಯರು ಕಟ್ಟಬೇಕು.

ಸ್ವಯಂಚಾಲಿತ ಪಂಪು ಒಳ್ಳೆಯದೇ, ಆದರೆ ಬ್ಯಾಟರಿ ಇಳಿದ ಮೇಲೆ ಅದು ಕೆಲಸಕ್ಕೆ ಬಾರದು. ಮಳೆಗಾಲದಲ್ಲಿ ಯಾರಾದರೊಬ್ಬರು ದಿನಕ್ಕೊಮ್ಮೆ ಹತ್ತಿ ತಳದ ನೀರನ್ನು ಅಳೆಯಲೇಬೇಕು. ಬೋಟು ಈಗಾಗಲೇ ಒಂದು ಬದಿಗೆ ಬಲವಾಗಿ ವಾಲಿದ್ದರೆ ಮಾತ್ರ ಒಬ್ಬರೇ ಒಳಗಿಳಿಯದೆ, ಜನ ಕೂಡಿಸಿ ದಕ್ಕೆಯ ಮೇಲಿನಿಂದಲೇ ಪಂಪಿನ ಪೈಪು ಇಳಿಸಿ ನೀರೆತ್ತಬೇಕು.