ಟವರ್ ಸತ್ತಾಗಲೂ ಕೂಗುವ ಸೈರನ್: ನಮ್ಮ ಕೇರಿಯ ಅಡಿಕೆ ಕಾವಲು

ಒಂಟಿಮನೆಗಳ ಊರಿಗೂ ಸಿಸಿ ಕ್ಯಾಮೆರಾ ಸಾಕು ಎನ್ನುವವರು ಮಳೆಗಾಲದಲ್ಲೊಮ್ಮೆ ತೀರ್ಥಹಳ್ಳಿ, ಹೊಸನಗರದ ಕಡೆ ಬಂದು ನೋಡಬೇಕು. ಕರೆಂಟು ಹೋದರೆ ವೈಫೈ ಇಲ್ಲ, ಟವರಿನ ಬ್ಯಾಟರಿ ಇಳಿದರೆ ಫೋನೂ ಇಲ್ಲ. ಕೊಯ್ಲಿನ ಕಾಲದಲ್ಲೂ ಕ್ಯಾಮೆರಾ ತೋರಿಸುವುದು ಕಳ್ಳ ಹೋದ ಮೇಲೆ. ನಮ್ಮ ಕೇರಿಯ ಹತ್ತು ಹನ್ನೆರಡು ಮನೆಗಳಲ್ಲಿ ಅಡಿಕೆ ಕಾಯಲು ಈಗ ಇರುವುದು ತಂಗೂಸಿ (ನೈಲಾನ್) ದಾರ, ಅಯಸ್ಕಾಂತಕ್ಕೆ ಸ್ಪಂದಿಸುವ ರೀಡ್ ಸ್ವಿಚ್, 12 ವೋಲ್ಟಿನ ಸೈರನ್. ಕತ್ತಲಲ್ಲಿ ಯಾರಾದರೂ ದಾರ ಎಡವಿದರೆ ಅದರ ತುದಿಯ ಅಯಸ್ಕಾಂತ ಸ್ವಿಚ್ಚಿನಿಂದ ಕಳಚಿ ಸೈರನ್ ಕೂಗುತ್ತದೆ. ‘ದಾರ ಕಟ್ಟಿ ಕಳ್ಳನ್ನ ಹಿಡಿತಾರಂತೆ’ ಎಂದವರ ಅಂಗಳದಲ್ಲೂ ಅದೇ ಇದೆ.

ಮೊದಲು ದುಡ್ಡು ತಿಂದದ್ದು ಮೈಬಿಸಿಯ ಚಲನೆ ಗುರುತಿಸುವ ಪಿಐಆರ್ ಸೆನ್ಸರ್. ನಾಯಿ, ಬೆಕ್ಕು, ಬಿಸಿಲಿಗೆ ಕಾದು ಅಲ್ಲಾಡುವ ಸೋಗೆ, ಎಲ್ಲಕ್ಕೂ ಕೂಗುತ್ತಿತ್ತು. ಕಾಣದ ಬೆಳಕಿನ ಗೆರೆ ಕಡಿದರೆ ಕೂಗುವ ಬೀಮ್ ಸೆನ್ಸರ್ ಬೆಳಗಿನ ಜಾವದ ಮಂಜಿಗೆ ಸೋತಿತು. ಎರಡಕ್ಕೂ ಸೇರಿ ಐದಾರು ಸಾವಿರ ದಂಡ. ಸುಳ್ಳು ಕೂಗು ಹೆಚ್ಚಿದರೆ ನಿಜವಾದ ಕೂಗಿಗೆ ಯಾರೂ ಏಳುವುದಿಲ್ಲ, ದೊಡ್ಡ ನಷ್ಟ ಅದು.

ರೀಡ್ ಸ್ವಿಚ್ಚಿನಲ್ಲಿ ಎರಡು ವಿಷಯ ಗಮನಿಸಿ. ಸಾಮಾನ್ಯ ಎರಡು ತಂತಿಯದು ಅಯಸ್ಕಾಂತ ಹತ್ತಿರವಿರುವಷ್ಟು ಹೊತ್ತೂ ಕೂಡಿರುತ್ತದೆ, ಹಾಗಾಗಿ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್) ಸದಾ ಎಳೆದೇ ಇರಬೇಕು. 35–40 ಮಿಲಿಆಂಪ್ ಎಂದರೂ 7 ಆಂಪಿಯರ್-ಅವರ್ (ಎಎಚ್) ಬ್ಯಾಟರಿ ವಾರಕ್ಕೆ ಖಾಲಿ. ಮೂರು ತಂತಿಯದನ್ನು ತಂದು, ಅಯಸ್ಕಾಂತ ಕಳಚಿದಾಗ ಕೂಡುವ ಜೋಡಿಯನ್ನು ಬಳಸಿದರೆ ಕಾಯುವಾಗ ಕರೆಂಟೇ ಖರ್ಚಾಗುವುದಿಲ್ಲ. ಎರಡನೆಯದು, ಸೈರನ್ನಿನ ಕರೆಂಟನ್ನು ನೇರ ರೀಡ್ ಮೂಲಕ ಹಾಯಿಸಬೇಡಿ. ಒಳಗಿನ ಸಣ್ಣ ಪತ್ತಿಗಳು ಬೆಸೆದುಕೊಂಡು ಕೂಗು ನಿಲ್ಲುವುದೇ ಇಲ್ಲ. ನಡುವೆ ರಿಲೇ ಇರಲಿ, ಒಮ್ಮೆ ಎಳೆದರೆ ತಾನೇ ಹಿಡಿದುಕೊಳ್ಳುವಂತೆ ವೈರಿಂಗ್ ಮಾಡಿ, ನಿಲ್ಲಿಸುವ ಕೀ ಸ್ವಿಚ್ ಮನೆಯೊಳಗಿರಲಿ. ಪೆಟ್ಟಿಗೆಯ ತೂತುಗಳಿಗೆ ಎಂಸೀಲ್ ಮೆತ್ತದಿದ್ದರೆ ಇರುವೆ ಗೂಡು ಕಟ್ಟಿ ರಿಲೇ ಸಿಕ್ಕಿಕೊಳ್ಳುತ್ತದೆ.

ದಾರ ಸೊಂಟದ ಮಟ್ಟಕ್ಕೆ. ನಾಯಿ, ಹಂದಿ ಕೆಳಗೆ ನುಸುಳುತ್ತವೆ. ದನದ ದಾರಿಗೆ ದಣಪೆ (ಅಡ್ಡಗೋಲಿನ ಬಾಗಿಲು) ಇರಲೇಬೇಕು. ನೈಲಾನ್ ತೇವಕ್ಕೆ ಜೋಲುತ್ತದೆ, ಆಗಾಗ ಬಿಗಿ ಮಾಡಿ. ಎಲ್ಲಿ ಕಟ್ಟಿದ್ದೇವೆ, ಎಷ್ಟು ಸಾಲು ಎಂಬುದನ್ನು ಬರೆಯುವುದಿಲ್ಲ.

ಬ್ಯಾಟರಿ ಸಾವಿರದ ಆಸುಪಾಸು, ಸೈರನ್ ಏಳೆಂಟು ನೂರು, ಉಳಿದದ್ದು ಸೇರಿ ಮನೆಗೆ ಎರಡೂವರೆ ಸಾವಿರ. ಸೋಲಾರ್ ಫಲಕಕ್ಕೆ ಹಾಕಿದ ಹಣ ವ್ಯರ್ಥ: ಜುಲೈ, ಆಗಸ್ಟ್‌ನಲ್ಲಿ ಅದು ಏನೂ ಕೊಡಲಿಲ್ಲ. ಕರೆಂಟಿದ್ದಾಗ ಚಾರ್ಜರ್‌ಗೆ ಹಾಕುವುದೇ ಸರಿ.

ತಗಡಿನ ಮೇಲೆ ಮಳೆ ಬಡಿಯುವಾಗ ಕಾಲು ಕಿಲೋಮೀಟರ್ ಆಚೆ ಸೈರನ್ ಕೇಳುವುದಿಲ್ಲ. ಹಾಗಾಗಿ ಪ್ರತಿ ಮನೆಯಲ್ಲೂ ಕೈಯಲ್ಲಿ ಒತ್ತುವ ಬಟನ್ ಬೇರೆ ಇದೆ. ಕೇಳಿಸಿಕೊಂಡವರು ತಮ್ಮದನ್ನೂ ಅದೇ ಲೆಕ್ಕದಲ್ಲಿ ಒತ್ತಬೇಕು. ಎಡೆಬಿಡದ ಕೂಗು ಕಳ್ಳತನಕ್ಕೆ, ಮೂರು ಗಿಡ್ಡ ಕೂಗು ಬೆಂಕಿಗೆ, ಎರಡು ಉದ್ದ ಕೂಗು ಧರೆ ಕುಸಿತಕ್ಕೆ ಅಥವಾ ಆಸ್ಪತ್ರೆಯ ತುರ್ತಿಗೆ. ಕಳ್ಳನ ಕೂಗಿಗೆ ಯಾರೂ ತೋಟಕ್ಕೆ ನುಗ್ಗುವುದಿಲ್ಲ. ಇಬ್ಬಿಬ್ಬರು ಟಾರ್ಚ್ ಹಿಡಿದು ರಸ್ತೆಗೆ ಸೇರುವ ಬಾಯಿಗಳಲ್ಲಿ ನಿಂತು ಗಾಡಿ ನಂಬರ್ ಬರೆದುಕೊಳ್ಳುತ್ತಾರೆ. ಸಿಗ್ನಲ್ ಸಿಗುವ ಮನೆಯವರು 112ಕ್ಕೆ ಫೋನ್ ಮಾಡುತ್ತಾರೆ. ಹೋಬಳಿ, ಊರು, ಹತ್ತಿರದ ಬಸ್ ನಿಲ್ದಾಣ, ಗಾಡಿ ಹೋದ ದಿಕ್ಕು ಬಾಯಿಬಿಟ್ಟು ಹೇಳಿ. ಟವರ್ ತೋರಿಸುವ ಜಾಗ ಕಣಿವೆಯ ಆಚೆಗಿರಬಹುದು.

ವಾಟ್ಸಾಪ್ ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಹಾಕುತ್ತಾರೆ: ಹೊತ್ತು, ಜಾಗ, ಕಣ್ಣಾರೆ ಕಂಡದ್ದು. ಅಪರಿಚಿತರ ಫೋಟೋ ಹಾಕಲು ಖಂಡಿತ ಬಿಡುವುದಿಲ್ಲ. 2018ರಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿಗೆ ಒಂದು ಜೀವವೇ ಹೋಯಿತು.

ಪರವಾನಗಿ ಬೇಡದ 446 ಮೆಗಾಹರ್ಟ್ಸ್ ವಾಕಿಟಾಕಿಯನ್ನೂ ನೋಡಿಯಾಯಿತು. ತೋಟದೊಳಗೆ ಅರ್ಧ ಕಿಲೋಮೀಟರ್ ದಾಟುವುದಿಲ್ಲ, ಗುಡ್ಡದ ನೆತ್ತಿಯಿಂದ ಮಾತ್ರ ಎರಡೂ ಕಣಿವೆಗೆ ಸ್ಪಷ್ಟ. ನೆತ್ತಿಯ ಮನೆಯವರು ಒಪ್ಪಿದ್ದಾರೆ, ಬರುವ ಮಳೆಗಾಲಕ್ಕೆ ಒಂದು ಜೋಡಿ ಅಲ್ಲಿರುತ್ತದೆ.

ಭಾನುವಾರ ಸಂಜೆ ಐದಕ್ಕೆ ಮನೆ ಮನೆಯ ಸರದಿಯಲ್ಲಿ ಎರಡು ಸೆಕೆಂಡ್ ಕೂಗಿಸುತ್ತೇವೆ. ಯಾವ ಮನೆಯದು ಕೇಳಲಿಲ್ಲವೋ ಕತ್ತಲಾಗುವ ಮುಂಚೆ ಅಲ್ಲಿಗೆ ಮೀಟರ್ ಹಿಡಿದು ಹೋಗುತ್ತೇವೆ. 12 ವೋಲ್ಟಿಗಿಂತ ಕೆಳಗಿದ್ದರೆ ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಬೇರೊಂದನ್ನು ಕೂರಿಸುತ್ತೇವೆ.