ನಿವೃತ್ತಿಯ ಲೆಕ್ಕದಲ್ಲಿ ಆಯಸ್ಸು ಎಷ್ಟು ಅಂತ ಹಿಡಿಯಬೇಕು?

"ಸರಾಸರಿ ಆಯಸ್ಸು 70, ಅಲ್ಲಿವರೆಗೆ ದುಡ್ಡಿದ್ದರೆ ಸಾಕು" ಅಂತ ಲೆಕ್ಕ ಹಾಕುವವರು ತುಂಬಾ ಜನ. ದಯವಿಟ್ಟು ಹಾಗೆ ಮಾಡಬೇಡಿ. ಆ 70 ಈಗಷ್ಟೇ ಹುಟ್ಟಿದ ಮಗುವಿನ ಲೆಕ್ಕ. ಎಳವೆಯಲ್ಲೇ ತೀರಿಕೊಳ್ಳುವವರೂ ಅದರಲ್ಲಿ ಸೇರಿರುತ್ತಾರೆ. 60 ಮುಟ್ಟಿದವರಿಗೆ ಇನ್ನೂ ಸುಮಾರು 18 ವರ್ಷ ಅಂತ ಕೇಂದ್ರ ಸರ್ಕಾರದ ಎಸ್‌ಆರ್‌ಎಸ್ (ಜನನ-ಮರಣಗಳ ಮಾದರಿ ಸಮೀಕ್ಷೆ) ಕೋಷ್ಟಕ ಹೇಳುತ್ತದೆ. ಹೆಂಗಸರಿಗೆ ಇನ್ನೂ ಜಾಸ್ತಿ. ಅದೂ ಸರಾಸರಿಯೇ, ದಾಟುವವರು ಬೇಕಾದಷ್ಟು ಜನ ಇದ್ದಾರೆ.

ಇನ್ನು ನಿಮ್ಮ ಹಳೆಯ ಆರೋಗ್ಯ ತಪಾಸಣೆ ರಿಪೋರ್ಟ್‌ಗಳನ್ನು ಹೊರಗೆ ತೆಗೆಯಿರಿ. ಬಿಪಿ, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್), ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ಇವನ್ನು ವರ್ಷವಾರು ಸಾಲಾಗಿ ಬರೆದು, ಏರುತ್ತಿದೆಯಾ ನಿಂತಿದೆಯಾ ನೋಡಿ. ಬೀಡಿ, ಸಿಗರೇಟಿನ ಅಭ್ಯಾಸವನ್ನೂ ಬರೆಯಿರಿ. ಶುಗರ್ ಇದೆ ಅಂತ ಸುಮ್ನೆ ಆಯಸ್ಸಿನಲ್ಲಿ ಹತ್ತು ವರ್ಷ ಕಡಿಯಬೇಡಿ. ಔಷಧಿಯ ಖರ್ಚನ್ನು ಜಾಸ್ತಿ ಹಿಡಿಯಿರಿ, ಅದೇ ಕ್ಷೇಮ.

ಗಂಡ ಹೆಂಡತಿ ಇದ್ದರೆ ಲೆಕ್ಕವೇ ಬೇರೆ. ಒಬ್ಬೊಬ್ಬರಿಗೂ 85 ಮುಟ್ಟುವ ಸಾಧ್ಯತೆ ಶೇ 40 ಅಂತ ಇಟ್ಟುಕೊಳ್ಳಿ. ಇಬ್ಬರೂ ಮುಟ್ಟದಿರುವ ಸಾಧ್ಯತೆ ಶೇ 60ರಲ್ಲಿ ಶೇ 60, ಅಂದರೆ ಶೇ 36. ಹಾಗಾಗಿ ಇಬ್ಬರಲ್ಲಿ ಒಬ್ಬರಾದರೂ ಮುಟ್ಟುವ ಸಾಧ್ಯತೆ ಶೇ 64 ಆಗುತ್ತದೆ! ಹಾಗಾಗಿ ನಾನಂತೂ 90ರವರೆಗೆ ಹಿಡಿಯಿರಿ ಅಂತಲೇ ಹೇಳುತ್ತೇನೆ. ಬೆಲೆ ವರ್ಷಕ್ಕೆ ಶೇ 6 ಏರಿದರೆ ಈಗಿನ 30 ಸಾವಿರದ ತಿಂಗಳ ಖರ್ಚು 24 ವರ್ಷಕ್ಕೆ ಸುಮಾರು 1.2 ಲಕ್ಷ.

ಪಿಂಚಣಿ ಪ್ಲಾನ್ ಕೊಳ್ಳುವಾಗ ಒಬ್ಬರು ಹೋದ ಮೇಲೂ ಇನ್ನೊಬ್ಬರಿಗೆ ಪೂರ್ತಿ ಮೊತ್ತ ಬರುವ ಜಾಯಿಂಟ್ ಲೈಫ್ ಆಯ್ಕೆಯನ್ನು ಮೊದಲು ಕೇಳಿ. ತಿಂಗಳ ಹಣ ಸ್ವಲ್ಪ ಕಡಿಮೆ ಬಂದರೂ ಪರವಾಗಿಲ್ಲ.