ಯಾವ ಬೇಜಾರು? ಐದು ನಿಮಿಷದ ರೆಕಾರ್ಡಿಂಗ್ ಹಿಡಿದು ನಾನು ಪಟ್ಟ ಪಾಡು

"ಮೂವತ್ತು ಜನರ ಮಾತು ರೆಕಾರ್ಡ್ ಮಾಡಿ ಎಂತ ಸಂಶೋಧನೆ ಮಾರಾಯ್ರೆ? ಮುನ್ನೂರು ಜನಕ್ಕೆ ಪ್ರಶ್ನಾವಳಿ ಹಂಚಿ, ಅಂಕಿಅಂಶದ ಸಾಫ್ಟ್‌ವೇರ್ ಎಸ್‌ಪಿಎಸ್‌ಎಸ್‌ಗೆ ಹಾಕಿ, ವರ್ಷದಲ್ಲಿ ಮುಗಿಸಿ." ಉಡುಪಿಯಲ್ಲಿ ನನಗೆ ಏನಿಲ್ಲವೆಂದರೂ ಆರು ಜನ ಈ ಸಲಹೆ ಕೊಟ್ಟಿದ್ದಾರೆ. ನನ್ನ ಗೈಡ್ ಕೂಡ. ಟೀಚರ್ ಆಗಲಿರುವವರಿಗೆ ಬೇರೆಯವರ ಮಾತು ಕೇಳಿಸಿಕೊಳ್ಳುವ ತರಬೇತಿ ಕೊಟ್ಟರೆ ಏನಾಗುತ್ತದೆ ಅನ್ನುವುದು ನನ್ನ ಸಂಶೋಧನೆ. ಈಗ ವೈವಾ ಮುಗಿದಿದೆ, ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಪ್ರಶ್ನಾವಳಿ ನಾನೂ ಹಂಚಿದ್ದೆ, ಸುಳ್ಳು ಯಾಕೆ ಹೇಳಲಿ. ಬಿ.ಎಡ್. ಮಾಡುವ 42 ಜನಕ್ಕೆ. "ಬೇರೆಯವರ ಮಾತನ್ನು ಗಮನವಿಟ್ಟು ಕೇಳುತ್ತೇನೆ" ಥರದ ವಾಕ್ಯಗಳು, 5ಕ್ಕೆ ಎಷ್ಟು ಅಂತ. ಹೆಚ್ಚುಕಡಿಮೆ ಎಲ್ಲರೂ 4ರ ಮೇಲೆ ಹಾಕಿಕೊಂಡರು. ಎಂಟು ವಾರ ತರಬೇತಿ ಕೊಟ್ಟು ಅದೇ ಹಾಳೆ ಮತ್ತೆ ಕೊಟ್ಟರೆ ಅಂಕ ಇಳಿದಿತ್ತು! ಎರಡು ದಿನ ಊಟ ಸೇರಲಿಲ್ಲ. ಆಮೇಲೆ ತಲೆಗೆ ಹೋಯಿತು. ಕೇಳಿಸಿಕೊಳ್ಳಲು ತಮಗೆ ಬರುತ್ತದೆ ಅಂದುಕೊಂಡವರಿಗೆ ಬರುವುದಿಲ್ಲ ಅಂತ ಈಗ ಗೊತ್ತಾಗಿದೆ, ಅವರ ಅಳತೆಗೋಲೇ ಬದಲಾಗಿದೆ. ರೆಸ್ಪಾನ್ಸ್ ಶಿಫ್ಟ್ ಅಂತ ಪುಸ್ತಕದಲ್ಲಿ ಓದಿದ್ದೆ, ಅನುಭವಿಸಿದ್ದು ಆವಾಗ. ತರಬೇತಿ ಮುಗಿದ ಮೇಲೆ "ಮೊದಲು ನೀವು ಹೇಗಿದ್ದಿರಿ" ಅಂತ ಕೇಳಿದರೆ ಅದೇ ಹುಡುಗಿಯರು ತಮಗೆ ತಾವೇ 2 ಹಾಕಿಕೊಂಡರು.

ಹಾಗಾಗಿ ರೆಕಾರ್ಡರ್. ಇಬ್ಬರು ಕೂತು ಐದು ನಿಮಿಷ ಮಾತಾಡುವುದು, ಒಬ್ಬರು ಹೇಳುವವರು, ಒಬ್ಬರು ಕೇಳುವವರು. ಮೊದಲ ಸಲ ಆದದ್ದು ಜುಲೈನಲ್ಲಿ. ನಮ್ಮ ಕಡೆಯ ಜುಲೈ ಗೊತ್ತಲ್ವಾ, ತಗಡಿನ ಮಾಡು ಬೇರೆ. ಹನ್ನೊಂದೋ ಹನ್ನೆರಡೋ ರೆಕಾರ್ಡಿಂಗ್‌ನಲ್ಲಿ ಮಳೆ ಬಿಟ್ಟು ಬೇರೇನೂ ಇಲ್ಲ. ಕಡಿಮೆಗೆ ಸಿಕ್ಕಿತು ಅಂತ ತಂದ ಕಾಲರ್ ಮೈಕ್ ಎರಡೂ ತಿಂಗಳಲ್ಲಿ ಸತ್ತವು, 1,200 ರೂಪಾಯಿ ನೀರಿಗೆ. ಕೊನೆಗೆ 4,500 ಕೊಟ್ಟು ಸರಿಯಾದ ರೆಕಾರ್ಡರ್ ತಂದೆ. ಅದನ್ನು ಮಡಚಿದ ಟವೆಲ್ ಮೇಲೆ ಇಡಬೇಕು, ಇಲ್ಲದಿದ್ದರೆ ಬೆಂಚು ಕುಟ್ಟಿದ ಸದ್ದೆಲ್ಲ ಬರುತ್ತದೆ.

ಇನ್ನೊಂದು ಎಡವಟ್ಟು ರೋಲ್ ಪ್ಲೇ. "ದುಃಖದಲ್ಲಿರುವ ವಿದ್ಯಾರ್ಥಿ" ಅಂದರೆ ಸಾಕು, ಯಕ್ಷಗಾನದ ಸ್ತ್ರೀವೇಷದ ಹಾಗೆ ಗೋಳಾಡುತ್ತಿದ್ದರು. ಅದನ್ನು ಬಿಟ್ಟು ಆ ವಾರ ನಿಜವಾಗಿ ಆದ ಸಣ್ಣ ಕಿರಿಕಿರಿ ಮಾತ್ರ ಹೇಳಿ ಅಂದೆ. ಹಾಸ್ಟೆಲ್ ಸಾರು, ಇಂಟರ್ನಲ್ ಮಾರ್ಕು, ತಪ್ಪಿದ ಬಸ್ಸು. ಆಗ ದನಿ ಸಹಜವಾಯಿತು.

ತರಬೇತಿಗೆ ನಾನು ಹೊಸದೇನೂ ಕಂಡುಹಿಡಿದಿಲ್ಲ. ಸಣ್ಣ ಪಾಠ ಮಾಡಿ, ಫೀಡ್‌ಬ್ಯಾಕ್ ಪಡೆದು, ಮತ್ತೆ ಪಾಠ ಮಾಡುವ ಮೈಕ್ರೋಟೀಚಿಂಗ್‌ನ 36 ನಿಮಿಷದ ಚಕ್ರ ನಮಗೆಲ್ಲ ಬಾಯಿಪಾಠ, ಅದನ್ನೇ ಇಟ್ಟುಕೊಂಡೆ. ಫೀಡ್‌ಬ್ಯಾಕ್ ಜಾಗಕ್ಕೆ ಮಾತ್ರ ಅಮೆರಿಕದ ಮನೋವಿಜ್ಞಾನಿ ನಾರ್ಮನ್ ಕೇಗನ್ 1960ರ ದಶಕದಲ್ಲಿ ಮಿಚಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಶುರುಮಾಡಿದ ಐಪಿಆರ್ (ಇಂಟರ್‌ಪರ್ಸನಲ್ ಪ್ರೊಸೆಸ್ ರೀಕಾಲ್) ತಂದೆ, ಅಂದರೆ ತಮ್ಮದೇ ರೆಕಾರ್ಡಿಂಗ್ ಕೇಳುತ್ತ ಆಗ ಮನಸ್ಸಿನಲ್ಲಿದ್ದದ್ದನ್ನು ನೆನಪಿಸಿಕೊಳ್ಳುವುದು. ಸ್ಟಾಪ್ ಬಟನ್ ಕೇಳುವವಳಾಗಿ ಕೂತಿದ್ದವಳ ಕೈಯಲ್ಲೇ. ಅವಳು ನಿಲ್ಲಿಸಿದಾಗ "ಆವಾಗ ನಿನ್ನ ಮನಸ್ಸಿನಲ್ಲಿ ಏನಿತ್ತು" ಅಂತ ಕೇಳುವುದಷ್ಟೇ ನನ್ನ ಕೆಲಸ, ತಿದ್ದುವ ಹಾಗಿಲ್ಲ. ಟೀಚರ್ ಜಾತಿಯವರಿಗೆ ತಿದ್ದದೆ ಕೂರುವುದು ಎಷ್ಟು ಕಷ್ಟ ಅಂತ ನಿಮಗೆ ಹೇಳಬೇಕಾಗಿಲ್ಲ.

ಒಬ್ಬಳ ರೆಕಾರ್ಡಿಂಗ್ ಮರೆಯಲಾರೆ. ಗೆಳತಿ "ಶನಿವಾರ ಬಂದ್ರೂ ಮನೆಗೆ ಹೋಗ್ಲಿಕ್ಕೆ ಮನಸ್ಸಾಗುದಿಲ್ಲ ಮಾರಾಯ್ತಿ" ಅಂತಾಳೆ. ಇವಳು ಆ ಮಾತು ಮುಗಿಯುವ ಮೊದಲೇ "ಹಾಗೆಲ್ಲ ಹೇಳ್ಬಾರ್ದು, ಅಪ್ಪ ಅಮ್ಮ ಎಷ್ಟು ಕಷ್ಟಪಟ್ಟು ಓದಿಸ್ತಾರೆ" ಅಂತಾಳೆ. ಅಲ್ಲಿ ಬಟನ್ ಒತ್ತಿದಳು. ಹಿಂದೆ ಹೋಗಿ ಮತ್ತೆ ಕೇಳಿದಳು. ಮೂರನೇ ಸಲ ಕೇಳಿ, "ಮೇಡಂ, ಇದು ನಾನಲ್ಲ, ನನ್ನ ಅಮ್ಮ ಮಾತಾಡೂದು" ಅಂದಳು. ಹದಿನೈದು ಲೆಕ್ಚರ್ ಕೊಟ್ಟರೂ ನನ್ನಿಂದ ಇದು ಆಗುತ್ತಿರಲಿಲ್ಲ.

ನಿಜವಾದ ತಲೆನೋವು ಅಂಕ ಹಾಕುವುದು. ಎದುರಿನವರ ಭಾವನೆಯನ್ನು ಎಷ್ಟು ಹಿಡಿದೆವು ಅಂತ ಅಳೆಯುವ, ಅಮೆರಿಕದ ಮನೋವಿಜ್ಞಾನಿ ಕಾರ್ಕಫ್ ಅವರ 5 ಹಂತದ ಎಂಪತಿ ಸ್ಕೇಲ್ ತೆಗೆದುಕೊಂಡೆ, 3ನೇ ಹಂತಕ್ಕೆ ಬಂದರೆ ಪರವಾಗಿಲ್ಲ ಅನ್ನುವ ಲೆಕ್ಕ. ಉದಾಹರಣೆಗಳನ್ನು ಕನ್ನಡಕ್ಕೆ ಮಾಡಿ "ನಿಮಗೆ ನೋವಾಗಿದೆ ಎಂದು ನನಗನಿಸುತ್ತಿದೆ" ಅಂತ ಓದಿದೆ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. "ಎಂತ ಮೇಡಂ, ಡಬ್ಬಿಂಗ್ ಸೀರಿಯಲ್ ಹಾಗೆ?" ನಿಜ ತಾನೇ, ಮಂಗಳೂರು ಉಡುಪಿಯಲ್ಲಿ ಯಾರು ಹೀಗೆ ಮಾತಾಡುತ್ತಾರೆ? ನಮ್ಮವರು "ಹೌದಾ?" ಅಂತ ಎಳೆದು ಸುಮ್ನಾಗುತ್ತಾರೆ, ಆ "ಹೌದಾ"ದಲ್ಲೇ ಎಲ್ಲ ಉಂಟು. ಆದರೆ ರೆಕಾರ್ಡಿಂಗ್ ಕೇಳಿ ಟೈಪ್ ಮಾಡಿದ ಹಾಳೆಯಲ್ಲಿ ಅದಕ್ಕೆ 1ರ ಮೇಲೆ ಅಂಕ ಬರುವುದಿಲ್ಲ. ಅಂಕ ಹಾಕುತ್ತಿದ್ದ ಇಬ್ಬರು ಗೆಳತಿಯರ ನಡುವೆ ಮೊದಲ ಸುತ್ತಿನಲ್ಲಿ ಕಪ್ಪಾ (ಇಬ್ಬರ ಅಂಕ ಎಷ್ಟು ಹೊಂದುತ್ತದೆ ಅನ್ನುವ ಅಳತೆ, 1 ಅಂದರೆ ಪೂರ್ತಿ ಹೊಂದಿಕೆ) 0.3ರ ಹತ್ತಿರ. ಜಗಳವೇ ಆಯಿತು. ಆಮೇಲೆ ಹಾಳೆ ಬದಿಗಿಟ್ಟು ದನಿ ಕೇಳಿಯೇ ಅಂಕ ಹಾಕುವುದು ಅಂತ ಮಾಡಿದೆವು.

ಇನ್ನೊಂದು ಗಂಟು "ಬೇಜಾರು". ನಮ್ಮಲ್ಲಿ ದುಃಖವಾದರೂ ಬೇಜಾರು, ಹೊತ್ತು ಹೋಗದಿದ್ದರೂ ಬೇಜಾರು, ಯಾರೋ ಅವಮಾನ ಮಾಡಿದರೂ ಬೇಜಾರು. "ನಿನಗೆ ಬೇಜಾರಾಗಿದೆ ಅಲ್ವಾ" ಅಂದರೆ ಕೇಳಿಸಿಕೊಂಡ ಹಾಗೂ ಆಯಿತು, ಏನೂ ಕೇಳಿಸಿಕೊಳ್ಳದ ಹಾಗೂ ಆಯಿತು. ನಾವು ಬರೆದುಕೊಂಡ ನಿಯಮ ಇಷ್ಟೇ: ಬರೀ ಬೇಜಾರಿಗೆ 2, ಯಾವ ಬೇಜಾರು ಅಂತ ಹಿಡಿದರೆ 3. "ಮಂಡೆಬೆಚ್ಚ"ಕ್ಕೂ (ತಲೆಬಿಸಿ, ಚಿಂತೆ ಅನ್ನುವುದಕ್ಕೆ ನಮ್ಮ ಕಡೆಯ ಮಾತು) ಇಂಥದ್ದೇ ಒಂದು ಪುಟ ಇದೆ, ಅದರಲ್ಲಿ ಇನ್ನೂ ಒಂದೆರಡು ಕೀಲಿ ಉಂಟು. ಪೇಪರ್ ರಿವ್ಯೂನಲ್ಲಿ ಇರುವುದರಿಂದ ಈಗ ಬಿಚ್ಚುವುದಿಲ್ಲ, ಬೇಸರ ಮಾಡಬೇಡಿ. ಎರಡನೇ ಸುತ್ತಿಗೆ ಕಪ್ಪಾ 0.7 ದಾಟಿತು.

ನಡುವೆ ಒಂದು ಸಣ್ಣ ಪ್ರಯೋಗ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋವ್ ಅವರ ವೇಟ್ ಟೈಮ್ ನಮ್ಮ ಟೀಚರ್‌ಗಳಿಗೆಲ್ಲ ಗೊತ್ತು, ಟೀಚರ್‌ಗಳು ಪ್ರಶ್ನೆ ಕೇಳಿ ಸುಮಾರು 1 ಸೆಕೆಂಡ್ ಕಾಯುತ್ತಾರೆ, 3 ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ. ನಾನು ಅದನ್ನು ಈ ಮಾತುಕತೆಗೆ ಹಾಕಿದೆ. ಉತ್ತರ ಕೊಡುವ ಮೊದಲು ಮನಸ್ಸಿನಲ್ಲೇ ತುಳುವಿನಲ್ಲಿ "ಒಂಜಿ, ರಡ್ಡ್, ಮೂಜಿ" (ಒಂದು, ಎರಡು, ಮೂರು) ಎಣಿಸಿ ಅಂದೆ. ಎಷ್ಟೋ ಸಲ ಆ ಮೂಜಿ ಬರುವಷ್ಟರಲ್ಲಿ ಎದುರಿನವಳೇ ಮುಂದುವರಿಸುತ್ತಿದ್ದಳು. ಜಗಲಿಯ ಬೆಂಚಿನಲ್ಲಿ ಅಕ್ಕಪಕ್ಕ ಕೂರಿಸಿಯೂ ನೋಡಿದೆ. ಎದುರುಬದುರು ಕೂತದ್ದಕ್ಕಿಂತ ಜಾಸ್ತಿ ಮಾತು ಬಂತು, ಆದರೆ ಹೊರಗಿನ ಗಾಡಿಗಳ ಹಾರ್ನು ಸೇರಿ ಡೇಟಾ ಹಾಳು.

ಕಂಟ್ರೋಲ್ ಗ್ರೂಪ್ ಕಥೆ ಹೇಳಲು ನಾಚಿಕೆ. ತರಬೇತಿ ಕೊಡದೆ ಹೋಲಿಸಿ ನೋಡಲಿಕ್ಕೆ ಮಂಗಳೂರು ಕಡೆಯ ಇನ್ನೊಂದು ಕಾಲೇಜು ಹಿಡಿದಿದ್ದೆ. ಎರಡೂ ಕಾಲೇಜಿನ ನಾಲ್ಕೈದು ಜನ ಬರುತ್ತಿದ್ದದ್ದು ಒಂದೇ ಬಸ್ಸಿನಲ್ಲಿ! ನನ್ನ ಅಭ್ಯಾಸವೆಲ್ಲ ಬಸ್ಸಿನಲ್ಲೇ ಹಂಚಿಹೋಗಿತ್ತು. ಅವರನ್ನು ಬಿಟ್ಟು ಲೆಕ್ಕ ಹಾಕಬೇಕಾಯಿತು. ನನ್ನ ಕಡೆ ಕೊನೆಗೆ ಉಳಿದವರು 31.

ಖರ್ಚಿನಲ್ಲಿ ದೊಡ್ಡದು ಟೈಪಿಂಗ್. ಮಂಗಳೂರಿನ ಹಂಪನಕಟ್ಟೆ ಹತ್ತಿರದ ಒಂದು ಡಿಟಿಪಿ ಅಂಗಡಿಯವರು "ಇದು ಕನ್ನಡವೂ ಅಲ್ಲ, ತುಳುವೂ ಅಲ್ಲ" ಅಂತ ಪುಟಕ್ಕೆ ಹತ್ತು ರೂಪಾಯಿ ಜಾಸ್ತಿ ಕೇಳಿದರು, ಕೊಟ್ಟೆ. ಸುಮಾರು 600 ಪುಟ, 18,000 ಅಲ್ಲೇ ಹೋಯಿತು, ಆಮೇಲೆ ನೋಡಿದರೆ ದನಿ ಕೇಳಿ ಅಂಕ ಹಾಕುವವರಿಗೆ ಅದು ಬೇಕಾಗಲೇ ಇಲ್ಲ! ಗೋಳಿಬಜೆ, ಚಾ, ಬಸ್ಸು ಎಲ್ಲ ಸೇರಿ ಒಟ್ಟು 35 ಸಾವಿರ ದಾಟಿರಬೇಕು. ಫೆಲೋಶಿಪ್ ಇರಲಿಲ್ಲ.

ಫಲಿತಾಂಶ? ಐದು ನಿಮಿಷದಲ್ಲಿ ಸರಾಸರಿ ಒಂಬತ್ತು ಸಲ ಉಪದೇಶ ಮಾಡುತ್ತಿದ್ದವರು ಮೂರಕ್ಕೆ ಇಳಿದರು. ಎಂಪತಿ 1.7ರಿಂದ 2.6ರ ಆಸುಪಾಸು. 3 ಮುಟ್ಟಲಿಲ್ಲ, ಅದನ್ನು ಥೀಸಿಸ್‌ನಲ್ಲೂ ಹಾಗೆಯೇ ಬರೆದೆ. ಆರು ತಿಂಗಳ ಮೇಲೆ ಸಿಕ್ಕಿದ ಹದಿನೆಂಟು ಜನರಲ್ಲಿ ಸ್ವಲ್ಪ ಜಾರಿತ್ತು, ಪೂರ್ತಿ ಹೋಗಿರಲಿಲ್ಲ.

ಮೊನ್ನೆ ಗೈಡ್ ಫೋನ್ ಮಾಡಿ, ಇನ್ನೊಬ್ಬ ವಿದ್ಯಾರ್ಥಿಗೆ ನನ್ನ ಕೋಡಿಂಗ್ ಶೀಟ್, ಅಂದರೆ ಅಂಕ ಹಾಕುವ ಆ ನಿಯಮಗಳ ಪುಟಗಳು, ಬೇಕಿತ್ತು ಅಂದರು. ಕಳಿಸಿದೆ, ಮಂಡೆಬೆಚ್ಚದ ಆ ಒಂದು ಪುಟ ಬಿಟ್ಟು.